ಏನಂತ ಬರೀಲಿ, ಮೇಡಂ

ಏಣಿಯ ಮೇಲಿಂದ ಚಲಪತಿ ಕೇಳುತ್ತಾನೆ,
ಕುಂಚದ ತುದಿಯಲ್ಲಿ ನೀಲಿ ತೊಟ್ಟಿಕ್ಕುತ್ತ.
'ನೃತ್ಯ' ಅಂತ ಬರೆದರೆ ಭರತನಾಟ್ಯದ ಫೀಸು ಕೇಳಿಕೊಂಡು ಬರುತ್ತಾರೆ,
'ಮನಸ್ಸು' ಅಂತ ಬರೆದರೆ ಯಾರೂ ಬರುವುದಿಲ್ಲ.
ಶಿಡ್ಲಘಟ್ಟದ ಬೀದಿ ಅವನಿಗೆ ಚೆನ್ನಾಗಿ ಗೊತ್ತು.

ಹದಿನಾಲ್ಕು ವರ್ಷ ನಾನು ಬರೀ ಕೇಳುವವಳು.
ತಾಲ್ಲೂಕು ಆಸ್ಪತ್ರೆ, ಮಂಗಳವಾರ, ಎಕ್ಸ್‌-ರೇ ಕೋಣೆಯ ಪಕ್ಕ:
ನಿದ್ದೆ ಬರುತ್ತಾ? ಹಸಿವು? ಸಾಯಬೇಕು ಅನಿಸುತ್ತಾ?
ಸೊನ್ನೆ, ಒಂದು, ಎರಡು, ಮೂರು.
ಕೂಡಿಸಿದರೆ ದುಃಖಕ್ಕೊಂದು ಮೊತ್ತ.
ಕನ್ನಡದಲ್ಲಿ ಕೇಳಿದೆ, ತೆಲುಗಿನಲ್ಲಿ, ಹರಕು ಉರ್ದುವಿನಲ್ಲಿ.
ಕುತ್ತಿಗೆಯ ಕೆಳಗೆ ಯಾವ ಭಾಷೆ ಎಂದು
ಯಾರೂ ನನಗೆ ಪಾಠ ಮಾಡಿರಲಿಲ್ಲ.

ಮುಬೀನಾ ಬಂದಳು.
ಎಂಟನೇ ವಯಸ್ಸಿಗೇ ಬಿಸಿನೀರಿಗೆ ಕೈಯಿಟ್ಟು
ಗೂಡಿನಿಂದ ಎಳೆ ಹುಡುಕಿದವಳು.
ಬೆರಳಿನ ಗೆರೆ ಬೆಂದು ಅಳಿಸಿ
ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸದು.
ನಾಲ್ಕು ಮಂಗಳವಾರ ಮಾತಿಲ್ಲ.
ಆದರೆ ಬಲಗೈ,
ಮಡಿಲಲ್ಲೇ, ಬುರ್ಖಾದ ಒಳಗೇ,
ಸುತ್ತುತ್ತಿತ್ತು ಇಲ್ಲದ ಚರಕದ ಹಿಡಿ.
ಫೈಲಿನಲ್ಲಿ ಬರೆದೆ: 'ರೋಗಿ ಸಹಕರಿಸುತ್ತಿಲ್ಲ.'

ಆ ಎರಡು ಪದ ರಾತ್ರಿ ನನ್ನ ಪಕ್ಕ ಮಲಗಿದವು.

ನಲವತ್ತೊಂದಕ್ಕೆ ಮತ್ತೆ ವಿದ್ಯಾರ್ಥಿ.
ಶನಿವಾರ ನಸುಕಿನ ಬಸ್ಸು, ವಿಜಯಪುರ, ದೇವನಹಳ್ಳಿ,
ಬರಿಗಾಲು, ಮರದ ನೆಲ, ನನ್ನ ಅರ್ಧ ವಯಸ್ಸಿನ ಹುಡುಗಿಯರು.
ಗಿರಿಜಕ್ಕ ನಕ್ಕಳು: 'ಡ್ಯಾನ್ಸಾ?
ಮೊದ್ಲು ಮಂಡಿಗೆ ಎಣ್ಣೆ ಹಚ್ಕೊ.'
ಹೆಜ್ಜೆ ಕಲಿಸುತ್ತಾರೆಂದು ಹೋಗಿದ್ದೆ.
ಮಲಗು ಎಂದರು. ಉಸಿರಾಡು ಎಂದರು. ಒಂದು ತಿಂಗಳು ಅಷ್ಟೇ.
ನನ್ನ ಎಡಭುಜ ಕಿವಿಯ ಹತ್ತಿರ ನಿಂತಿತ್ತು,
ಈಗಷ್ಟೇ ಯಾರೋ ಕೈಯೆತ್ತಿದ ಹಾಗೆ.
ಅಂಕಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಹನ್ನೊಂದು ವಯಸ್ಸು
ನೆಲಕ್ಕಿಳಿಯಿತು, ಬಹಳ ನಿಧಾನ.

ಇಲ್ಲಿ ಹುಳುವಿಗೆ 'ಜ್ವರ' ಬಂತು ಅನ್ನುತ್ತಾರೆ.
ಕಾಯಿಲೆಯಲ್ಲ. ಸೊಪ್ಪು ಬಿಟ್ಟು, ತಲೆಯೆತ್ತಿ,
ಹಳೆ ತೊಗಲು ಕಳಚುವ ಹೊತ್ತು.
ಆಗ ಮುಟ್ಟಬಾರದು.
ಮೂರು ವರ್ಷದ ಕೋರ್ಸು ಕಲಿಸಿದ್ದೂ ಹೆಚ್ಚುಕಮ್ಮಿ ಇದೇ.

ಮುಬೀನಾ ಮತ್ತೆ ಬಂದಳು.
ಮೇಜನ್ನು ಗೋಡೆಗೆ ತಳ್ಳಿ ಚಾಪೆಯ ಮೇಲೆ ಎದುರು ಕೂತೆ.
ಅವಳ ಕೈ ಸುತ್ತಿತು. ನನ್ನ ಕೈಯೂ.
ನೋಡಿದಳು. ವೇಗ ಹೆಚ್ಚಿಸಿದಳು. ನಾನೂ.
ಹೊರಗೆ ಗೂಡಿನ ಆಟೋ, ಬೆಂದ ಹುಳುವಿನ ನಾತ,
ಸುತ್ತು, ಸುತ್ತು, ಸುತ್ತು,
ತಟಕ್ಕನೆ ನಿಲ್ಲಿಸಿ
ಉಲ್ಟಾ ತಿರುಗಿಸಿದಳು. ಒಂದೇ ಸುತ್ತು.
'ಎಳೆ ತುಂಡಾಯ್ತು' ಅಂದಳು.
ನಕ್ಕಳೋ ಅತ್ತಳೋ,
ನಾನು ಅಂಕ ಹಾಕಲಿಲ್ಲ.

ಚಲಪತಿ ಇನ್ನೂ ಕಾಯುತ್ತಿದ್ದಾನೆ,
ಡಬ್ಬಿಯ ನೀಲಿ ಕೆನೆಗಟ್ಟುತ್ತಿದೆ.
ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು
ಇನ್ನೊಂದನ್ನು ಮೆಟ್ಟಿಲಿಗೆ ಬರೀ ಸೋಕಿಸಿ ನಿಂತಿದ್ದಾನೆ.
ಬೋರ್ಡು ಮರೆತುಹೋಗುತ್ತದೆ ನನಗೆ.
'ಎಷ್ಟು ದಿನದಿಂದ ಹಾಗೆ ನಿಲ್ತಿದೀಯ, ಚಲಪತಿ?'