ಗ್ವಾಡಿ ಮ್ಯಾಲಿನ ಗಲ್ಲಿ

ಫ್ಲೆಕ್ಸ್ ಬಂದ ಮ್ಯಾಲ ನನ್ನ ಬ್ರಶ್ಶು ಒಣಗಿ ಕಟ್ಟಿಗಿ ಆಗಿದ್ವು.
ಶಹಾಪುರದಾಗ ಪಂಪ್‌ಹೌಸಿನ ಗ್ವಾಡಿ ಖಾಲಿ ಇತ್ತು,
ಡಬ್ಬಿ ತಳದಾಗ ಒಂದೀಟು ನೀಲಿ, ಅರಿಷಿಣ, ಸುಣ್ಣ.
ಇದ ಗಲ್ಲೀ ಚಿತ್ರಾ ತಗದ್ರಾತು, ಅಂದೆ.

ಮೊದಲು ಮಗ್ಗದ ಈರಪ್ಪ ಹಾವಳ, ತೆಲಿ ಬಗ್ಗಿಸ್ಯಾನ,
ಕಾಲಷ್ಟ ಕುಣ್ಯಾಕತ್ತಾವ.
ಬಾಜೂಕ ಬೇಕರಿ ದಸ್ತಗೀರ ಚಾಚಾ,
ಹುಬ್ಬಿನ ಮ್ಯಾಲೂ ಮೈದಾ.
ಫಿಲೋಮಿನಾ ಟೀಚರ್ ಛತ್ರಿ ಬಿಚ್ಚಿದ್ದಕ್ಕ
ಹಿಂದಿನ ಬಸದಿ ಶಿಖರ ಅರ್ಧಾನ ಕಾಣತೈತಿ.
ಪದ್ಮಾವತಕ್ಕ ಉಪಾಧ್ಯೆ ಆವತ್ತು ಏನೂ ಅನಲಿಲ್ಲ,
ಮರುದಿನ ಬಂದು
"ಆ ಛತ್ರಿ ಜರಾ ಮಡಚೋ ಯಪ್ಪಾ" ಅಂದ್ಲು.
ಮಡಚಿದೆ. ಈಗ ಟೀಚರ್ ಮಾರಿಗೆ ಬಿಸಿಲು.
ಬೇವಿನ ಟೊಂಗಿ ಒಂದು ಇಳಿಸಿದೆ.

ಸುಶೀಲಾ ಕಾಕೂ ಸೊಂಟದ ಮ್ಯಾಲ ಕೈ ಇಟ್ಟು,
"ಮಾಝಿ ನಥ ಕುಠೆ ರೇ?"
ತಗದೆ. ಮೂಗಿಗಿಂತ ನತ್ತ ದೊಡ್ಡದಾತು.
ಅಕಿಗೆ ಬೇಕಾಗಿದ್ದೂ ಅದ.

ನೀಲಿ ಮುಗ್ಯಾಕ ಬಂದಿತ್ತು. ಆದ್ರೂ
ಚಾಚಾನ ಲುಂಗಿ, ಅಕ್ಕನ ಸೀರಿ,
ಈರಪ್ಪನ ಮಗ್ಗದ ನೂಲು,
ಎಲ್ಲಾ ಅದ ಡಬ್ಬಿ.
ಆಕಾಶಕ್ಕ ಉಳೀಲಿಲ್ಲ. ಬಿಟ್ಟೆ.

ಕಡೀಕ ಎಲ್ಲಾರೂ, ಅವರವರ ಮಾತಿನಾಗ,
ಕೇಳಿದ್ದು ಒಂದ: ನಳಾ ತಗಿ, ನೀರು ಬಿಡು.
ಎಂಟು ದಿನಕ್ಕೊಮ್ಮೆ ಕೆಮ್ಮೋ ನಳದ ಬಾಯಾಗ
ಡಬ್ಬಿ ಕೆರೆದು, ಉಗುರಿಲೆ,
ಒಂದು ಎಳಿ ನೀಲಿ ಎಳದೆ.

ಮುಂಜಾನೆ ಹೋಗಿ ನೋಡಿದ್ರ
ಗ್ವಾಡಿ ಬುಡಕ, ಆ ಧಾರಿಗೆ ಸರಿಯಾಗಿ,
ಯಾರೋ ಒಂದು ಕೊಡ ಇಟ್ಟಾರ.
ಅದರ ಹಿಂದ ಇನ್ನೂ ನಾಕು, ಪಾಳಿ ಹಚ್ಚಿ.

ನೋಡಕೋತ ನಿಂತೆ.
ಹಿಂದಿನಿಂದ ಈರಪ್ಪ,
"ನಡಬರಕ ನಿಂದ್ರಬ್ಯಾಡಪಾ,
ನಿನ್ನ ಕೊಡ ಎಲ್ಲೈತಿ?"