ವಂದನಾರ್ಪಣೆ

ಹನ್ನೊಂದು ವರ್ಷದಿಂದ ಆಹ್ವಾನ ಪತ್ರಿಕೆಯ ಕಟ್ಟಕಡೆಯ ಸಾಲು ನಾನು:
ವಂದನಾರ್ಪಣೆ, ಲಯನ್ ಗಂಗುಲಪ್ಪ.
ಹೆಸರಿಗೆ ಸಿಂಹ.
ಮೈಕು ಕೈಗೆ ಬರುವಷ್ಟರಲ್ಲಿ
ಅರ್ಧ ಸಭೆ ಎದ್ದು ಕೈತೊಳೆಯಲು ನಡೆದಿರುತ್ತದೆ.
ಹಿಂದುಗಡೆ ತಟ್ಟೆಗಳ ಸದ್ದು.
ಸಿಲಾರ್ ಸಾಬ್ ಆಗಲೇ ವೈರು ಸುತ್ತುತ್ತಿರುತ್ತಾನೆ.

ಆದರೂ ಹೇಳುತ್ತೇನೆ, ಇಡೀ ಶಿಡ್ಲಘಟ್ಟದಲ್ಲಿ
ಬಂದವರ ಮಾತನ್ನು ಪೂರ್ತಿ ಕೇಳಿದವನು ನಾನೊಬ್ಬನೇ.
ವಿಧಿಯಿಲ್ಲ. ಕೊನೆಗೆ ಎರಡು ವಾಕ್ಯ ಹೆಕ್ಕಿ
"ತಾವು ಅಪ್ಪಣೆ ಕೊಡಿಸಿದಂತೆ" ಎನ್ನಬೇಕಲ್ಲ.

ಚಂದ್ರನ ಲೆಕ್ಕ ಬಲ್ಲ ವಿಜ್ಞಾನಿಯೊಬ್ಬರು ಬಂದಿದ್ದರು.
ಪರದೆಯ ಮೇಲೆ ಬೂದುಬಣ್ಣದ ಗುಂಡಿಗಳು.
ಅಲ್ಲಿ ನೀರಿದೆ ಎಂದರು, ಹೆಪ್ಪುಗಟ್ಟಿ.
ಬೋರ್‌ವೆಲ್ ಲಾರಿಯ ಮುನಿಶಾಮಪ್ಪ ಎದ್ದು ನಿಂತ:
"ಎಷ್ಟು ಅಡಿಗೆ ಸಾರ್?"
ಎಲ್ಲರೂ ನಕ್ಕರು. ಅವನು ನಗಲಿಲ್ಲ.
ಆ ವಾರವಷ್ಟೇ ಸಾವಿರದ ಐನೂರು ಅಡಿ ಕೊರೆದು
ಬರೀ ಧೂಳು ತಂದಿದ್ದ.

ಹೃದಯದ ಡಾಕ್ಟರು ತುಪ್ಪ ಬಿಡಿ ಅಂದರು.
ಊಟಕ್ಕೆ ಒಬ್ಬಟ್ಟು ಎರಡಾಯಿತು,
ಮೂರನೆಯದನ್ನು ಡ್ರೈವರಿಗೆಂದು ಕಟ್ಟಿಸಿಕೊಂಡರು.
ನಿವೃತ್ತ ನ್ಯಾಯಾಧೀಶರು ವಿಳಂಬದ ಬಗ್ಗೆ
ಒಂದು ಮುಕ್ಕಾಲು ಗಂಟೆ.
ಎಲ್ಲರಿಗೂ ಅದೇ ಅಂಗಡಿಯ ಶಾಲು, ಅದೇ ಏಲಕ್ಕಿ ಹಾರ,
ಅದೇ ಗೋಡೆ ಗಡಿಯಾರ, ಮುಳ್ಳುಗಳ ಹಿಂದೆ ಕ್ಲಬ್ಬಿನ ಸಿಂಹ.

ಮೊನ್ನೆ ಮಾಘದಲ್ಲಿ ಬೊಳ್ಳಮ್ಮ ಬಂದಳು, ಕೊಡಗಿನ ಹುಡುಗಿ,
ಹಿಮಾಲಯ ಹತ್ತಿ ಇಳಿದವಳು.
ಶಾಲು ಹೊದಿಸುವಾಗ ನೋಡಿದೆ,
ಎಡಗೈಯ ಎರಡು ಬೆರಳು ಗೆಣ್ಣಿಗೇ ಮುಗಿದಿದ್ದವು.
ಅದರ ಕಥೆ ಹೇಳುತ್ತಾಳೆ ಎಂದು ಕಾದೆವು.
ಅವಳು ಹೇಳಿದ್ದು ಹಗ್ಗದ ಬಗ್ಗೆ,
ಬಿಚ್ಚಲು ಬರುವ ಹಾಗೆ ಗಂಟು ಹಾಕುವುದರ ಬಗ್ಗೆ,
ಹನ್ನೆರಡೇ ನಿಮಿಷ.
ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ "ಮುಗಿಲೆತ್ತರದ ಸಾಧನೆ"
ಚೀಟಿಯ ಸಮೇತ ಜೇಬಿನಲ್ಲೇ ಉಳಿಯಿತು.

ಊಟವಾದ ಮೇಲೆ ಕೇಳಿದಳು:
"ಇಲ್ಲಿ ನೂಲು ತೆಗೆಯೋದನ್ನ ನೋಡಬಹುದಾ?"
ನನ್ನದೇ ಇದೆಯಲ್ಲ, ಆರು ಒಲೆಯದು, ಬನ್ನಿ ಎಂದೆ.
ಒಳಗೆ ಹಬೆ, ಬೆಂದ ಹುಳದ ವಾಸನೆ.
ಅಧ್ಯಕ್ಷರು ಬಾಗಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದರು.
ಅವಳು ನೇರ ಹೋಗಿ
ಶಮೀಮ್‌ಬೀಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.
ಕುದಿನೀರಲ್ಲಿ ಕೈಯಾಡಿಸುತ್ತ ಶಮೀಮ್‌ಬೀ
ಗೂಡಿನ ಎಳೆಯ ತುದಿ ಹುಡುಕುತ್ತಿದ್ದಳು.
ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

"ಬೆರಳು ಏನಾಯ್ತಮ್ಮಾ?"
ಸಭೆಯಲ್ಲಿ ಯಾರೂ ಕೇಳದ್ದನ್ನು ಅವಳು ಕೇಳಿಬಿಟ್ಟಳು.
"ಚಳಿ ತಿಂತು."
ಶಮೀಮ್‌ಬೀ ತನ್ನ ಕೈ ಸೆರಗಿಗೆ ಒರೆಸಿ ಚಾಚಿದಳು:
ಬಿಳುಚಿ, ಉಬ್ಬಿ, ಗೆರೆಯೆಲ್ಲ ಅಳಿಸಿದ ತುದಿಗಳು.
"ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿದ್ರೆ
ಮಿಷನ್ನು ನೀನು ನೀನಲ್ಲ ಅನ್ನುತ್ತೆ."
"ವೀಸಾ ಆಫೀಸಲ್ಲಿ ನಂದೂ ಹಾಗೇ."
ಇಬ್ಬರೂ ನಕ್ಕರು. ರಾಟೆ ನಿಂತಿತ್ತು.
ಎಳೆ ಕಡಿದರೆ ಯಾರಪ್ಪನ ನಷ್ಟ ಎಂದು ಕೂಗಾಡುವವನು ನಾನೇ,
ಬಾಯೇ ಬರಲಿಲ್ಲ.

ಏನೋ ಹೇಳಬೇಕಿತ್ತು, ಗೊತ್ತು.
"ಕ್ಲಬ್ಬಿನ ಪರವಾಗಿ ಹಾಗೂ ನನ್ನ ವೈಯಕ್ತಿಕ ಪರವಾಗಿ"
ಎಂದು ನಿದ್ದೆಯಲ್ಲೂ ಶುರುಮಾಡಬಲ್ಲ ನಾಲಿಗೆ.
ಯಾರಿಗೆ ಹೇಳಬೇಕೆಂದು ಹೊಳೆಯದೆ
ಬಗ್ಗಿ, ಒಲೆಗೆ ಎರಡು ಸೌದೆ ತಳ್ಳಿದೆ.

ಗಡಿಯಾರ ಅಲ್ಲೇ ಬಿಟ್ಟು ಹೋದಳು. ಮರೆತಳೋ, ಕೊಟ್ಟಳೋ.
ಈಗದು ಬೇಸಿನ್ನುಗಳ ಮೇಲೆ ಮೊಳೆಗೆ ತೂಗುತ್ತಿದೆ.
ಹಬೆ ಕೂತು ಸಿಂಹದ ಮುಖ ಕಾಣುವುದಿಲ್ಲ.
ಹತ್ತು ನಿಮಿಷ ಮುಂದೆ ಓಡುತ್ತದೆ.
ಸರಿಮಾಡೋಣವೆಂದು ಸ್ಟೂಲು ಎಳೆದರೆ ಶಮೀಮ್‌ಬೀ,
"ಇರಲಿ ಬಿಡಿ ಯಜಮಾನ್ರೇ,
ಹತ್ತು ನಿಮಿಷ ಬೇಗ ಏಳ್ತೀವಿ."

ಸ್ಟೂಲು ಎಳೆದಲ್ಲೇ ಇದೆ.
ಬರುವ ಶನಿವಾರ ಅಂತರ್ಜಲ ತಜ್ಞರೊಬ್ಬರು ಬರುತ್ತಿದ್ದಾರೆ.
ಮುನಿಶಾಮಪ್ಪ ಮೊದಲ ಸಾಲಿನ ಕುರ್ಚಿಗೆ
ಇವತ್ತೇ ಟವೆಲ್ಲು ಹಾಕಿ ಹೋಗಿದ್ದಾನೆ.