ಎರಡು ಬೆರಳು ಬಟ್ಟೆ

ಉಳ್ಳಾಲದಿಂದ ತಮ್ಮನ ಫೋನು: ಬ್ಯಾಂಕಿಗೆ ಹಣ ಬಂದಿದೆಯಂತೆ.
ಅರ್ಜಿ ಹಾಕಿ ಆರು ವರ್ಷ. ಮರೆತೇಬಿಟ್ಟಿದ್ದೆ.

ಅರ್ಜಿ ತುಂಬಿದವನು ಗ್ರೆಗರಿ, ಕಾರ್ಕಳದ ಕಡೆಯವ.
‘ಏನೇನು ಹೋಯಿತು ಹಸನಬ್ಬ,
ಒಂದೊಂದಾಗಿ ಹೇಳು, ಬೆಲೆ ಸಮೇತ.’
ಹೊಲಿಗೆ ಯಂತ್ರ ಎರಡು. ಇಸ್ತ್ರಿಪೆಟ್ಟಿಗೆ ಒಂದು.
ಗಿರಾಕಿಗಳ ದಿಶ್‌ದಾಶಾ ಹನ್ನೊಂದು,
ಕಾಲರು ಕೂಡಿಸುವುದಷ್ಟೇ ಬಾಕಿ ಇತ್ತು.
ಟಿವಿ; ಕಂತು ಮುಗಿದಿರಲಿಲ್ಲ.
ಅಳತೆ ಬರೆದಿಟ್ಟ ಪುಸ್ತಕ. ‘ಅದಕ್ಕೇನು ಬೆಲೆ?’ ಎಂದು ನಕ್ಕ, ಬಿಟ್ಟ.
ಟೇಪು? ಬೇಡ, ಬರೆಯಬೇಡ,
ಅದು ಕೊರಳಲ್ಲೇ ಇತ್ತು.

ಕೊರಳಲ್ಲೇ ಇತ್ತು, ಬಸ್ಸು ಜುಬೇರಿನಲ್ಲಿ ಕೆಟ್ಟು ನಿಂತಾಗ.
ಆಗಸ್ಟಿನ ಕೊನೆ, ಟಾರು ಚಪ್ಪಲಿಗೆ ಅಂಟುತ್ತಿತ್ತು.
ನಮ್ಮನ್ನು ಓಡಿಸಿದ ದೇಶ;
ಬಾಯಾರಿದರೆ ತಟ್ಟಬೇಕಾದ್ದು ಅದೇ ದೇಶದ ಬಾಗಿಲು.
ತೆರೆದವಳು ನಜೀಹಾ, ಶಾಲೆಯ ಟೀಚರು.
ಮೊದಲು ನೀರು, ಆಮೇಲೆ ಖರ್ಜೂರ.
ಕೈಗಡಿಯಾರ ಬಿಚ್ಚಿಕೊಟ್ಟೆ, ಮುಟ್ಟಲಿಲ್ಲ.
ಯಜಮಾನರು ಎಲ್ಲಿ ಎಂದು ಬಾಯ್ತಪ್ಪಿ ಕೇಳಿದೆ.
‘ನಿಮ್ಮ ಕಡೆ’ ಎಂದಳು, ನೆಲ ನೋಡುತ್ತ.
ನಮ್ಮ ಕಡೆ ಎಂದರೆ ಕುವೈತು.

ಟೇಪು ಕಂಡು ‘ಖಯ್ಯಾತ್?’ ಎಂದಳು; ಹೌದು, ದರ್ಜಿ.
ಮಗಳನ್ನು ಕರೆದಳು. ಸುಹಾದ್, ಏಳು ವರ್ಷ,
ಮುಂದಿನ ಹಲ್ಲೆರಡಿಲ್ಲ,
ಶಾಲೆಯ ನೀಲಿ ಲಂಗ ಮೊಣಕಾಲು ದಾಟಿ ಮೇಲೇರಿತ್ತು.
ಸೊಂಟ ಇಪ್ಪತ್ತೊಂದು, ಉದ್ದ ಹದಿನೆಂಟು.
ಅಂಚು ಬಿಚ್ಚಿದರೆ ಒಳಗೆ ಎರಡು ಬೆರಳು ಬಟ್ಟೆ!
ಬಸ್ರಾದ ಯಾವನೋ, ಮುಖ ಕಾಣದ ದರ್ಜಿ ಬಿಟ್ಟದ್ದು.
ನಾವು ಹಾಗೆಯೇ, ಎಲ್ಲಿಯವರಾದರೂ,
ಮಕ್ಕಳ ಬಟ್ಟೆಯಲ್ಲಿ ಒಂದಿಷ್ಟು ಒಳಗೆ ಮಡಚಿಡುತ್ತೇವೆ.
ಬೆಳೆಯುತ್ತಾರಲ್ಲ.

ಸುಣ್ಣದ ಬಿಲ್ಲೆಯಿಂದ ಗೆರೆ ಎಳೆದೆ. ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ
ಬಸ್ಸಿನ ಹಾರನ್ನು.
ಬಿಚ್ಚಿದ ಅಂಚು ಹಿಡಿದುಕೊಂಡು ಹೊಸಿಲಲ್ಲಿ ಹುಡುಗಿ.
ನಾನು ಓಡಿದೆ.

ಮತ್ತೆ ಬಂದಾಗ ಫಹಾಹೀಲಿನ ಆಕಾಶ ಕರ್ರಗೆ,
ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಎಣ್ಣೆಯ ಮಸಿ.
ಸಾಲ ಮಾಡಿ ಒಂದು ಯಂತ್ರ ತಂದೆ, ಆಮೇಲೆ ಇನ್ನೊಂದು.
ಅಬೂ ಮಿಶಾರಿ ಪ್ರತಿ ಈದಿಗೂ ಎರಡು ದಿಶ್‌ದಾಶಾ ಹೊಲಿಸುತ್ತಾನೆ.
ಒಂದು ತನಗೆ. ಇನ್ನೊಂದು ಅವರು ಎಳೆದೊಯ್ದ ತಮ್ಮನಿಗೆ;
ಮಾದರಿಗೆ ಹಳೆಯದೊಂದನ್ನು ತರುತ್ತಾನೆ, ಒಗೆಯದೆ.
‘ಸಪೂರ ಆಗಿರಬಹುದು, ಆದರೂ ಅದೇ ಅಳತೆ ಇರಲಿ.’
ಅವನೆದುರು ಜುಬೇರಿನ ಸುದ್ದಿ ಎತ್ತುವುದಿಲ್ಲ ನಾನು.

ಅಲೆಪ್ಪೊದ ಬಟ್ಟೆ ವ್ಯಾಪಾರಿ ದನಿ ತಗ್ಗಿಸಿ ಹೇಳಿದ್ದ:
ಆಚೆ ಟೀಚರಳ ತಿಂಗಳ ಸಂಬಳಕ್ಕೆ ಒಂದು ತಟ್ಟೆ ಮೊಟ್ಟೆಯಂತೆ.
ಬಾಗಿಲು ಕಿತ್ತು ಮಾರುತ್ತಿದ್ದಾರಂತೆ, ಬಾಗಿಲು!
ಔಷಧಿಯ ಕಾಗದ ಎಲ್ಲೋ ಮೇಜಿನಿಂದ ಮೇಜಿಗೆ,
ಹತ್ತು ವರ್ಷದ ಮಕ್ಕಳು ಏಳರಂತೆ ಕಾಣುತ್ತಾರಂತೆ.
ಮೀಟರು ಅಳೆಯುತ್ತಿದ್ದ ನನ್ನ ಕೈ ಲೆಕ್ಕ ತಪ್ಪಿತು.

ಈ ಹಣ ಅವರ ಎಣ್ಣೆ ಮಾರಿ ಹಿಡಿದುಕೊಂಡದ್ದು, ಗ್ರೆಗರಿ ವಿವರಿಸಿದ.
‘ನ್ಯಾಯವೇ ಅಲ್ವಾ?’
ನ್ಯಾಯವೇ. ಯಂತ್ರ ಹೋದದ್ದು ಸುಳ್ಳಲ್ಲ.
ಬೇಡ ಎನ್ನುವಷ್ಟು ದೊಡ್ಡ ಮನುಷ್ಯನೂ ಅಲ್ಲ ನಾನು.
ತಮ್ಮನಿಗೆ ಹೇಳಿದೆ: ಬಾವಿಗೆ ಕಟ್ಟೆ ಕಟ್ಟಿಸು, ಉಳಿದದ್ದು ಇರಲಿ.
ಆ ಅರ್ಜಿಯಲ್ಲಿ ನನಗೆ ಬರಬೇಕಾದ್ದಕ್ಕೆ ಆರು ಪುಟ,
ನಾನು ಕೊಡಬೇಕಾದ ಒಂದು ಹೊಲಿಗೆಗೆ
ಒಂದು ಸಾಲೂ ಇರಲಿಲ್ಲ.

ಸುಣ್ಣದ ಗೆರೆ ಮೊದಲ ಒಗೆತಕ್ಕೇ ಹೋಗುತ್ತದೆ.
ಈಗ ಹದಿನೈದು ಅವಳಿಗೆ.
ಅಲ್ಲಿಯವರೆಗಾದರೂ ಬಂದಳೋ?

ಇವತ್ತು ಅಬ್ಬಾಸಿಯಾದ ಮಲಯಾಳಿ ಹೆಂಗಸು
ಮಗಳ ಯೂನಿಫಾರಂ ಒಯ್ಯಲು ಬಂದು ಮಗುಚಿ ನೋಡಿ ಕೂಗಾಡಿದಳು:
ಎರಡು ಬೆರಳು ಸಾಲದೇ, ಯಾರಾದರೂ ಒಂದು ಗೇಣು ಮಡಚುತ್ತಾರೆಯೇ,
ಬಟ್ಟೆ ಏನು ಬಿಟ್ಟಿ ಬರುತ್ತದೆಯೇ?
ಬಿಚ್ಚಿಕೊಡುತ್ತೇನೆ ಕೂತುಕೊಳ್ಳಿ ಎಂದೆ.
ಸೂಜಿಗೆ ನೂಲು ಪೋಣಿಸಲು ಬಹಳ ಹೊತ್ತು ಹಿಡಿಯಿತು.